ಡೆಮೋ ಟ್ರ್ಯಾಕ್ಟರೂ ಗಿರಿಜಕ್ಕನ ನಟ್ಟಿಯೂ

ಎಪ್ಪತ್ತು ದಾಟಿದವನ ಹತ್ತಿರ ಅಂಗಡಿಯವರು ಆಡಬಾರದ ಮಾತೊಂದಿದೆ: "ಇದು ಇಪ್ಪತ್ತು ವರ್ಷ ಬಾಳಿಕೆ ಬರ್ತದೆ ಸರ್." ಕೊಡೆ ಕೊಳ್ಳಲು ಹೋದರೂ ಇದೇ, ಮಂಚ ಕೊಳ್ಳಲು ಹೋದರೂ ಇದೇ. ಹೇಳುವವನಿಗೆ ಅದು ಸರಕಿನ ಹೊಗಳಿಕೆ. ಕೇಳುವವನಿಗೆ ಮಾತ್ರ ‘ನಿಮ್ಮದೆಷ್ಟು ಬಾಳಿಕೆ?’ ಎಂದು ಕೇಳಿದ ಹಾಗಿರುತ್ತದೆ. ಪ್ರಾಯದಲ್ಲಿ ನಾನು ಏನನ್ನಾದರೂ ಕೊಳ್ಳುವಾಗ ಇದು ನನಗಿಂತ ಮೊದಲೇ ಹೋಗಿಬಿಟ್ಟರೆ ಏನು ಗತಿ ಎಂದು ನೋಡುತ್ತಿದ್ದೆ. ಈಗ ನಾನೇ ಮೊದಲು ಹೋಗಿ, ಇದು ಫಳಫಳ ಅನ್ನುತ್ತಾ ಅಂಗಳದಲ್ಲಿ ನಿಂತಿದ್ದರೆ ಅದಕ್ಕಿಂತ ಅವಮಾನ ಉಂಟೇ ಎಂಬ ಯೋಚನೆ. ಹೀಗೆ ಯೋಚಿಸಿ ಯೋಚಿಸಿ ಸುಸ್ತಾಗಿ ಬರಿಗೈಯಲ್ಲಿ ಮನೆಗೆ ಬರುತ್ತೇನೆ. ಕೊಡೆಯ ಮಟ್ಟಿಗೆ ಇದು ನಡೆಯುತ್ತದೆ, ಹೆಚ್ಚೆಂದರೆ ಒದ್ದೆಯಾಗುತ್ತೇವೆ. ಟ್ರ್ಯಾಕ್ಟರಿನ ಮಟ್ಟಿಗೆ ನಡೆಯಲಿಲ್ಲ.

ವಂಡ್ಸೆಯಿಂದ ಸ್ವಲ್ಪ ಆಚೆ ನಮ್ಮ ಬೈಲು. ಎರಡು ಕಡೆ ಮರ ತುಂಬಿದ ಹಾಡಿ, ನಡುವೆ ಉದ್ದಕ್ಕೆ ಮಲಗಿದ ಗದ್ದೆಗಳು. ಈ ಬೈಲಿಗೆ ಮೊತ್ತಮೊದಲು ಸಣ್ಣ ಟ್ರ್ಯಾಕ್ಟರ್ ಇಳಿಸಿದ ಗಂಡಸು ನಾನೇ. ಇದನ್ನು ನಾನು ಹೇಳದಿದ್ದರೆ ಬೇರೆ ಯಾರೂ ಹೇಳುವುದಿಲ್ಲ, ಹಾಗಾಗಿ ಆಗಾಗ ಹೇಳುತ್ತಿರುತ್ತೇನೆ. ಅಂದಿನಿಂದ ಇಡೀ ಬೈಲಿನ ಉಳುಮೆ ನನ್ನದೇ. ಆ ಟ್ರ್ಯಾಕ್ಟರಿಗೆ ಈಗ ಮುಪ್ಪು. ಕೀಲಿ ತಿರುಗಿಸಿದರೆ ಕೆಮ್ಮುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಬಾನೆಟ್ಟಿನ ಎಡಗಡೆ ತೆಂಗಿನ ಕೊತ್ತಳಿಗೆಯಿಂದ ಒಂದು ಪೆಟ್ಟು ಕೊಟ್ಟು, ಕ್ಲಚ್ಚಿನ ಮೇಲೆ ಎದ್ದು ನಿಂತು, ಅದರ ಕಂಪನಿಯವರ ಕುಲಕೋಟಿಯನ್ನು ಒಮ್ಮೆ ನೆನೆಯಬೇಕು. ಆಗ ಹೊರಡುತ್ತದೆ. ಈ ವಿದ್ಯೆ ನನ್ನೊಬ್ಬನಿಗೇ ಗೊತ್ತು. ಒಂದು ವರ್ಷವಂತೂ ಬೆಳಿಗ್ಗೆ ಎಂಜಿನ್ ಚಾಲೂ ಮಾಡಿ, ಸೀಟಿನ ಮೇಲೆ ಹುಲ್ಲಿನ ಕಂತೆಗೆ ನನ್ನ ಅಂಗಿ ತೊಡಿಸಿ, ಮೇಲೊಂದು ಅಡಿಕೆ ಹಾಳೆಟೋಪಿ ಇಟ್ಟು ಒಳಗೆ ಹೋಗಿ ನಿದ್ದೆ ಹೊಡೆಯುತ್ತಿದ್ದೆ. ‘ಅಬ್ಬಬ್ಬ, ಈ ಪ್ರಾಯದಲ್ಲೂ ಎಂಥಾ ಕೆಲಸಗಾರ’ ಎಂದು ಬೈಲಿಡೀ ಮಾತಾಡಿಕೊಂಡಿತು. ಒಂದು ದಿನ ನನ್ನನ್ನು ದನ ತಿನ್ನುತ್ತಿರುವುದನ್ನು ಯಾರೋ ಕಂಡ ಮೇಲೆ ಆ ಕೀರ್ತಿ ಅಷ್ಟಕ್ಕೇ ನಿಂತಿತು.

ಈಗ ತಮಾಷೆಗೂ ತ್ರಾಣವಿಲ್ಲ. ಒಂದು ಗದ್ದೆ ಉತ್ತು ಇಳಿದರೆ ಸೊಂಟ ಪ್ರಶ್ನಾರ್ಥಕ ಚಿಹ್ನೆಯ ಹಾಗೆ ನಿಂತುಬಿಡುತ್ತದೆ. ಸ್ಟೇರಿಂಗ್ ತಿರುಗಿಸುವುದೆಂದರೆ ಕೋಣದ ಕೊಂಬು ಹಿಡಿದು ತಿರುಗಿಸಿದ ಹಾಗೆ. ಸಂಜೆ ಚಾಪೆಯ ಮೇಲೆ ಬೋರಲು ಬಿದ್ದರೆ ನನ್ನ ಹೆಂಡತಿ ಜಲಜ ಬಿಸಿ ಎಣ್ಣೆ ತಿಕ್ಕಬೇಕು. ಮೊನ್ನೆ ತಿಕ್ಕುತ್ತಾ ತಿಕ್ಕುತ್ತಾ ಹೇಳಿದಳು: "ಹ್ವಾಯ್, ತಿಕ್ಕಿ ತಿಕ್ಕಿ ನನ್ ಕೈ ಸವ್ದ್ ಹೋಯ್ತ್. ಹೊಸ ಟ್ರ್ಯಾಕ್ಟರ್ ತಕಂಬುಕೆ ಮನ್ಸಿಲ್ದಿದ್ರೆ ನಂಗೊಂದ್ ಜೊತೆ ಹೊಸ ಕೈ ತಂದ್ ಕೊಡಿ."

ಹೊಸ ಟ್ರ್ಯಾಕ್ಟರಿನ ಸುದ್ದಿ ಮನೆಗೆ ತಂದವನು ಉಪ್ಪುಂದದ ನನ್ನ ಭಾವ. ಅವನು ಹೊಸ ಮಾಡೆಲ್ಲಿನ ಸಣ್ಣ ಟ್ರ್ಯಾಕ್ಟರ್ ಕೊಂಡ ದಿನದಿಂದ ದಿನಾ ಸಂಜೆ ಫೋನು. "ಭಾವಯ್ಯ, ಪವರ್ ಸ್ಟೇರಿಂಗ್ ಮರ್ರೆ! ಒಂದ್ ಬೆರ್ಳಂಗೆ ತಿರ್ಗತ್ತ್. ಇನ್ನೊಂದ್ ಕೈಯಂಗೆ ಎಲಿ ಅಡ್ಕಿ ಕವಳ ಹಾಕ್ಲಕ್ಕ್." ನಾನು, "ಒಂದ್ ಬೆರ್ಳಂಗೆ ತಿರ್ಗುದಾರೆ ಅದ್ ಮಕ್ಳ್ ಆಟಿಕಿ ಮಾರಾಯ, ಟ್ರ್ಯಾಕ್ಟರ್ ಅಲ್ಲ" ಎಂದು ಫೋನಿಟ್ಟೆ. ವಂಡ್ಸೆಯ ಹೋಟೆಲಿನಲ್ಲೂ ಗೋಳಿಬಜೆ ತಿನ್ನುತ್ತಾ ಇದೇ ಭಾಷಣ ಮಾಡಿದೆ. ಹೊಸ ಮಾಡೆಲ್ಲು ಅಂದರೆ ಬಣ್ಣ ಬಳಿದ ತಗಡು. ನನ್ನ ಹಳೆಯದಕ್ಕೆ ಸಮನಾದದ್ದು ಬ್ರಹ್ಮಾವರದಿಂದ ಬೈಂದೂರಿನವರೆಗೆ ಹುಡುಕಿದರೂ ಇಲ್ಲ. ಹತ್ತು ಜನರೆದುರು ಹೀಗೆ ಹೇಳಿದ ಮೇಲೆ ಕೊಳ್ಳುವುದು ಹೇಗೆ? ನಿಜ ಹೇಳಬೇಕೆಂದರೆ ನನ್ನ ಚಿಂತೆ ಟ್ರ್ಯಾಕ್ಟರಿನ ಬೆಲೆಯದ್ದಲ್ಲ. ಹಳೆಯದನ್ನು ಚಾಲೂ ಮಾಡಲು ನಾನೇ ಬೇಕು. ಹೊಸದನ್ನು ಯಾರು ಬೇಕಾದರೂ ಓಡಿಸುತ್ತಾರೆ. ಹಾಗಾದರೆ ನಾನು ಯಾತಕ್ಕೆ? ಹಳೆಯದನ್ನು ಎಕ್ಸ್‌ಚೇಂಜಿಗೆ ತೆಗೆದುಕೊಳ್ಳುತ್ತಾರಂತೆ ಎಂದಾಗ ಜಲಜ, "ಡ್ರೈವರ್ ಸಮೇತ ತಕಂತ್ರಾ ಕೇಣಿ" ಅಂದಳು. ನಗು ಬರಲಿಲ್ಲ.

ಆದರೂ ಕಾಲು ಸುಮ್ಮನಿರಬೇಕಲ್ಲ. ಬ್ರಹ್ಮಾವರದ ಷೋರೂಮಿಗೆ ಹೋಗಿ, ಕೊಡುವ ಚಹಾ ಕುಡಿದು, ಹೊಸದರ ಟಯರಿಗೆ ಒದ್ದು, ಮೂಗು ಮುರಿದು ಬಂದೆ. ಹೀಗೆ ನಾಲ್ಕೈದು ಸಲ. ಅಲ್ಲಿಯ ಮಾರಾಟದ ಸದಾನಂದ, ನಡುಪ್ರಾಯದ ಸಂಭಾವಿತ ಮನುಷ್ಯ, ಕೊನೆಗೆ ಬೇಸತ್ತು "ಸರ್, ನಿಮ್ಮ ಗದ್ದೆಗೇ ತಂದು ಡೆಮೋ ಕೊಡ್ತೇನೆ" ಎಂದ. ಅಷ್ಟು ಹೇಳಿದ್ದೇ ತಡ, ಸತ್ತುಹೋಗಿದ್ದ ನನ್ನ ತಮಾಷೆಯ ಬುದ್ಧಿಗೆ ಜೀವ ಬಂತು. "ನಮ್ಮ ಬೈಲಲ್ಲಿ ಒಂದು ಕಟ್ಟುಪಾಡುಂಟು, ಸದಾನಂದರೇ. ಹೊಸ ಯಂತ್ರ ಬಂದರೆ ಮೊದಲು ಬೈಲಿನ ಹಿರಿಯನ ಗದ್ದೆ ಪೂರ್ತಿ ಉತ್ತು ಕೊಡಬೇಕು. ಆಮೇಲೆಯೇ ಊರಿನವರು ಅದರ ಮುಖ ನೋಡುವುದು" ಎಂದೆ. ಪಾಪ, ನಂಬಿದ. ಅಂಥ ಕಟ್ಟುಪಾಡು ಇಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ನಿಜವಾದ ಕಟ್ಟುಪಾಡು ಬೇರೆಯೇ ಇದೆ. ನಮ್ಮ ಬೈಲಿಗೆ ರಸ್ತೆ ಇರುವುದು ಒಂದೇ ತುದಿಯಲ್ಲಿ. ಅಲ್ಲಿ ಮೊದಲ ಗದ್ದೆ ಗಿರಿಜಕ್ಕನದು, ಹಾಡಿಯಿಂದ ಹಾಡಿಗೆ ಅಡ್ಡಲಾಗಿ ಮಲಗಿದೆ. ಕಟ್ಟಕಡೆಯದು ನನ್ನದು. ಒಳಗೆ ಹೋಗಬೇಕಾದರೂ ಹೊರಗೆ ಬರಬೇಕಾದರೂ ಎಲ್ಲರ ಗದ್ದೆಯ ಮೇಲೇ ಹಾಯಬೇಕು. ಹಾಗಾಗಿ ಒಳಗಿನದ್ದನ್ನು ಮೊದಲು ಉತ್ತು, ಟ್ರ್ಯಾಕ್ಟರ್ ರಸ್ತೆಗೆ ಬಂದ ಮೇಲೆಯೇ ನಟ್ಟಿ. ಒಮ್ಮೆ ಸಸಿ ನೆಟ್ಟರೆ ಆ ಗದ್ದೆ ಕೊಯ್ಲಿನವರೆಗೆ ಬಾಗಿಲು ಮುಚ್ಚಿದ ಹಾಗೆ. ಈ ಸಲ ನಾನು ಊರವರದ್ದೆಲ್ಲ ಹಳೆಯದರಲ್ಲಿ ಉತ್ತುಕೊಟ್ಟು, ನನ್ನದನ್ನು ಮಾತ್ರ ಬೇಕೆಂದೇ ಬಿಟ್ಟಿದ್ದೆ, ಷೋರೂಮಿನ ಡೀಸೆಲ್ಲಿನಲ್ಲಿ ಆಗಲಿ ಎಂದು. ನಡುವಿನವರು ಎರಡು ದಿನ ಕಾಯಲು ಒಪ್ಪಿದರು. ಗಿರಿಜಕ್ಕ ಒಪ್ಪಲಿಲ್ಲ. ಅವಳ ಅಗೆಯ ಸಸಿ ಬಲಿತಿತ್ತು, ನಟ್ಟಿಯ ಹೆಂಗಸರು ಸಿಕ್ಕಿದ್ದೂ ಡೆಮೋದ ಆ ಒಂದು ದಿನಕ್ಕೆ. ಬೆಳಿಗ್ಗೆ ನಾನೂ ಸದಾನಂದನೂ ಹೊಸ ಟ್ರ್ಯಾಕ್ಟರಿನೊಂದಿಗೆ ಅವಳ ಗದ್ದೆ ಹಾದು ಒಳಗೆ ಹೋಗುವಾಗಲೇ ಗದ್ದೆಯಂಚಿನ ಕಂಟದ ಮೇಲೆ ನಿಂತು ಕೂಗಿದಳು: "ಹ್ವಾಯ್ ಅಣ್ಣಯ್ಯ, ಹನ್ನೆರಡ್ ಗಂಟಿ ಒಳ್ಗೆ ಹೆರ್ಗೆ ಬನಿ. ಮತ್ತೆ ನಾ ಕಾದ್ಕಂಡ್ ಕೂಕಂತಿಲ್ಲೆ." "ಹನ್ನೊಂದಕ್ಕೇ ಬತ್ತೆ ಕಾಣ್" ಎಂದೆ. ಹಾಗೆ ಹೇಳುವಾಗ ಅದು ಸುಳ್ಳಾಗಿರಲಿಲ್ಲ.

ಸದಾನಂದ ಹನ್ನೊಂದು ಗಂಟೆಯ ಹೊತ್ತಿಗೆ ನನ್ನ ಗದ್ದೆಯ ಮುಕ್ಕಾಲು ಪಾಲು ಮುಗಿಸಿದ್ದ. ಉಳಿದದ್ದನ್ನು ಮುಗಿಸಿ ಹೊರಟಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. "ಸರ್, ನೀವೊಮ್ಮೆ ಕೂತು ನೋಡಿ" ಎಂದುಬಿಟ್ಟ. ತಪ್ಪು ಹುಡುಕಲೆಂದೇ ಹತ್ತಿದೆ. ಹತ್ತಿದವನಿಗೆ ಏನಾಯಿತೆಂದು ಹೇಗೆ ಹೇಳಲಿ! ಸೀಟು ನನ್ನ ಸೊಂಟವನ್ನು ಹಳೆಯ ನೆಂಟನ ಹಾಗೆ ಹಿಡಿದುಕೊಂಡಿತು. ಸ್ಟೇರಿಂಗ್ ಒಂದು ಬೆರಳಿಗೆ ತಿರುಗಿತು, ಉಪ್ಪುಂದದ ಭಾವ ಜೀವಮಾನದಲ್ಲಿ ಮೊದಲ ಸಲ ಸತ್ಯ ಹೇಳಿದ್ದ. ರೋಟವೇಟರ್ ಹಿಂದೆ ಕೆಸರನ್ನು ದೋಸೆಹಿಟ್ಟು ಮಾಡುತ್ತಾ ಬರುತ್ತಿದ್ದರೂ, ಹುಳ ಹೆಕ್ಕಲು ಬಂದ ಬೆಳ್ಳಕ್ಕಿಯ ಕೂಗು ನನಗೆ ಕೇಳಿಸಿತು. ಇಷ್ಟು ವರ್ಷ ನಾನು ಗಂಟಲು ಹರಿಯುವ ಹಾಗೆ ಮಾತಾಡುತ್ತಿದ್ದದ್ದು ಹಳೆಯ ಎಂಜಿನ್ನಿನ ಸದ್ದಿಗೆ ಎಂದು ಆಗ ಹೊಳೆಯಿತು. ಊರವರು ಅದನ್ನು ಜಂಬ ಅಂದುಕೊಂಡಿದ್ದರು. ಇನ್ನೊಂದು ಸುತ್ತು, ಇನ್ನೊಂದೇ ಸುತ್ತು. ಉತ್ತದ್ದನ್ನೇ ಮತ್ತೆ ಉತ್ತೆ. ಸದಾನಂದ ಕಂಟದ ಮೇಲೆ ನಿಂತು ವಾಚು ತೋರಿಸಿದ. "ಮೂಲೆ ಒಂಚೂರ್ ಉಳ್ದಿತ್ತ್" ಎಂದೆ. ಗದ್ದೆಗಿರುವುದು ನಾಲ್ಕೇ ಮೂಲೆ. ಅವತ್ತು ನನಗೆ ಮುಗಿಯದಷ್ಟು ಮೂಲೆಗಳು ಕಂಡವು.

ಹೊಟ್ಟೆ ಚುರುಗುಟ್ಟಿ ತಲೆ ಎತ್ತಿದಾಗ ಮಧ್ಯಾಹ್ನ ಎಂದೋ ದಾಟಿತ್ತು. ರಸ್ತೆಯ ಕಡೆ ನೋಡಿದರೆ ಹಸಿರು! ಗಿರಿಜಕ್ಕನ ಗದ್ದೆಯಿಡೀ ನೆಟ್ಟು ಮುಗಿದಿದೆ. ಸದಾನಂದನ ಷೋರೂಮಿನ ಭಾಷೆ ಅಲ್ಲೇ ಕೆಸರಿಗೆ ಬಿತ್ತು. "ಅಯ್ಯೋ ದೇವ್ರೇ! ಎಂತ ಸಾವ್ ಮರ್ರೆ ಇದ್! ಸಂಜಿ ಒಳ್ಗೆ ಗಾಡಿ ಷೋರೂಮಂಗೆ ಇಲ್ದಿದ್ರೆ ನನ್ನ್ ಕೆಲ್ಸ ಹೋತ್ತ್!"

ಹತ್ತಿರ ಹೋದಾಗ ಸ್ವಲ್ಪ ಜೀವ ಬಂತು. ಗಿರಿಜಕ್ಕ ಅಷ್ಟು ಕಲ್ಲುಹೃದಯದವಳಲ್ಲ. ಗದ್ದೆಯ ನಡುವೆ ಟ್ರ್ಯಾಕ್ಟರ್ ಬರುವಷ್ಟು ದಾರಿಯನ್ನು ನೆಡದೆ ಬಿಟ್ಟಿದ್ದಳು. ಆದರೆ ಯಾವ ಟ್ರ್ಯಾಕ್ಟರ್? ವರ್ಷ ವರ್ಷ ನೋಡಿ ಅವಳ ಕಣ್ಣಿಗೆ ಅಳತೆ ಸಿಕ್ಕಿದ್ದು ನನ್ನ ಹಳೆಯದ್ದು. ಹೊಸದರ ರೋಟವೇಟರ್ ಎರಡು ಕಡೆಯೂ ಒಂದೊಂದು ಗೇಣು ಹೆಚ್ಚು ಅಗಲ. ಎತ್ತಿಕೊಂಡು ಹೋದರೂ ಅಗಲವಾದ ಟಯರು ಸಸಿಯ ಮೇಲೆಯೇ ಹೋಗುತ್ತದೆ.

"ಗಿರಿಜಾ, ಎರಡ್ ಸಾಲ್ ಸಸಿ ಹೋಯ್ಲಿ. ಮನಸ್ಸ್ ದೊಡ್ಡ್ ಮಾಡ್" ಎಂದೆ.

"ಹೋಯ್ಲಿ ಅಣ್ಣಯ್ಯ, ಅಡ್ಡಿಲ್ಲೆ. ಆದ್ರೆ ಹೋದ್ ಸಸಿನೂ ನೀವೇ ನೆಡ್ಕ್, ಬಿಟ್ಟ್ ದಾರಿನೂ ನೀವೇ ಮುಚ್ಕ್. ನನ್ನ್ ಹೆಂಗ್ಸ್ರ್ ಕೈ ತೊಳ್ದಾಯ್ತ್."

ನಮ್ಮ ಕಡೆ ಗಂಡಸು ಉಳುತ್ತಾನೆ, ಕಂಟ ಕಟ್ಟುತ್ತಾನೆ, ಕಂಟದ ಮೇಲೆ ಕೂತು ನಟ್ಟಿಯಲ್ಲಿ ತಪ್ಪು ಹುಡುಕುತ್ತಾನೆ. ನೆಡುವುದಿಲ್ಲ. ಆದರೆ ಎದುರಿಗೆ ಸದಾನಂದ ಅಳುವ ಹಾಗೆ ನಿಂತಿದ್ದ. ಅವನು ಟ್ರ್ಯಾಕ್ಟರನ್ನು ರಸ್ತೆಗೆ ಹತ್ತಿಸಿದ. ನಾನು ಪಂಚೆ ಎತ್ತಿ ಕಟ್ಟಿ ಕೆಸರಿಗೆ ಇಳಿದೆ. ನಟ್ಟಿಯ ಹೆಂಗಸರು ಒಬ್ಬರೂ ಮನೆಗೆ ಹೋಗಲಿಲ್ಲ. ಕಂಟದ ಮೇಲೆ ಸಾಲಾಗಿ ಕೂತು ಕವಳ ಹಾಕಿಕೊಂಡರು. "ಅಣ್ಣಯ್ಯ, ಸಾಲ್ ಹಾವ್ ಹರ್ದಾಂಗ್ ಆತ್ ಇತ್ತ್!" "ಒಂದ್ ಬುಡಕ್ಕೆ ಎಷ್ಟ್ ಸಸಿ ಹಾಕ್ತ್ರಿ? ಮದಿಗೆ ಹೂಂಗಿನ್ ಮಾಲಿ ಕಟ್ಟೂದಾ?" ಅರ್ಧ ದಾರಿ ನೆಡುವಷ್ಟರಲ್ಲಿ ಸೊಂಟ ಬಾಗಿದಲ್ಲೇ ಸ್ಥಿರವಾಯಿತು. ಟ್ರ್ಯಾಕ್ಟರಿನ ಮೇಲೆ ಅಷ್ಟು ಹೊತ್ತು ಕೂತಾಗ ಒಮ್ಮೆಯೂ ನೋಯದ ಸೊಂಟ ಅದು.

ಅಷ್ಟರಲ್ಲಿ ಜಲಜ ಎಲ್ಲರಿಗೂ ಚಹಾ ತಂದಳು. ಗಾಡಿ ರಸ್ತೆಗೆ ಬಂದ ಮೇಲೆ ಸದಾನಂದನಿಗೆ ಮತ್ತೆ ಷೋರೂಮಿನ ಭಾಷೆ ಬಂದಿತ್ತು. "ಸರ್, ಡೆಮೋ ಹೇಗಾಯ್ತು?" ಎಂದು ಕೇಳಿದ.

ಬಗ್ಗಿಕೊಂಡೇ ಹೇಳಿದೆ: "ಸೀಟ್ ಮೆತ್ಗೆ ಆಯ್ತ್, ನಿದ್ದಿ ಬತ್ತ್. ಬಣ್ಣ ಕಣ್ಣಿಗ್ ಹೊಡಿತ್ತ್. ಸದ್ದೇ ಇಲ್ಲೆ, ನಾ ಬಂದದ್ ಊರಿಗ್ ಗೊತ್ತಾಪ್ದ್ ಹ್ಯಾಂಗೆ?"

ಸದಾನಂದನ ಮುಖ ಬಾಡಿತು. ಜಲಜ ಅವನ ಕೈಗೆ ಚಹಾ ಕೊಟ್ಟಳು. "ನೀವ್ ಬುಕ್ ಮಾಡ್ಕಣಿ ಸದಾನಂದ್ರೇ. ಹೆಣ್ ಕಾಂಬ್ಕೆ ನಮ್ಮನಿಗ್ ಬಂದಾಗ್ಳೂ ಇವ್ರ್ ಹೀಂಗೇ. ಹೆಣ್ ಕಪ್, ಕುಳ್ಳಿ, ಮಾತ್ ಜಾಸ್ತಿ ಅಂದಿರ್. ಕಡಿಕೆ ಮದಿ ಯಾವಾಗ ಅಂತ ಗಡಿಬಿಡಿ ಮಾಡದ್ದೂ ಇವ್ರೇ."

ಕಂಟದ ಮೇಲಿನ ಸಾಲು ಬಿದ್ದು ಬಿದ್ದು ನಕ್ಕಿತು. ಹಾಗಲ್ಲ ಎಂದು ಹೇಳಲು ತಲೆ ಎತ್ತಬೇಕು. ತಲೆ ಎತ್ತಲು ಸೊಂಟ ಏಳಬೇಕು. ಸೊಂಟ ಏಳಲಿಲ್ಲ. ಕೆಸರನ್ನೇ ನೋಡುತ್ತಾ ನಿಂತೆ.

"ಕಂಡ್ರ್ಯಾ?" ಎಂದಳು ಗಿರಿಜಕ್ಕ. "ಕೇಂಡಾಗ ತಲಿ ತಗ್ಗ್ಸಿ ಮಾತಾಡ್ದೆ ನಿಂತ್ರೆ ಹೆಣ್ ಒಪ್ಪಿತ್ ಅಂತ್ಲೇ ಲೆಕ್ಕ."

ಸೊಂಟ ನೆಟ್ಟಗಾದ ಮೇಲೆ ಖಂಡಿತವಾಗಿ ಬೇಡ ಎಂದು ಹೇಳಬೇಕೆಂದಿದ್ದೆ. ಅದು ನೆಟ್ಟಗಾಗುವಷ್ಟರಲ್ಲಿ ಹೊಸ ಟ್ರ್ಯಾಕ್ಟರ್ ಅಂಗಳಕ್ಕೆ ಬಂದು ನಿಂತಿತ್ತು.