ವೆಂಡೆಲ್ ನೊವೊಟ್ನಿಯ ಬಲ ಮೊಣಕಾಲಿನ ನಿವೃತ್ತಿ

ಆಶ್ಟನ್ ಹಾರ್ಬರ್ ಕೂಪರ್ಸ್ ಅಮೆರಿಕನ್ ಫುಟ್‌ಬಾಲ್ ಸಂಘವು ತನ್ನ ದೀರ್ಘ ಇತಿಹಾಸದಲ್ಲಿ ದುಡ್ಡಿಲ್ಲವೆಂಬ ಕಾರಣಕ್ಕೆ ಯಾವ ಆಟಗಾರನನ್ನೂ ಮನೆಗೆ ಕಳಿಸಿದ್ದಿಲ್ಲ. ದುಡ್ಡಿಲ್ಲವೆಂಬ ಕಾರಣಕ್ಕೆ ಮನೆಗೆ ಹೋಗಲಾಗದೆ ಉಳಿದ ಮೊದಲ ಆಟಗಾರ ವೆಂಡೆಲ್ ನೊವೊಟ್ನಿ. ಸಂಘದ ಪ್ರಕಟಣೆಯಲ್ಲಿ ಇದನ್ನು ನಿಷ್ಠೆ ಎಂದು ಕರೆಯಲಾಗಿದೆ.

ವೆಂಡೆಲ್ ಸೆಂಟರ್ ಜಾಗದ ಆಟಗಾರ. ಪ್ರತಿ ಸಲವೂ ಬಗ್ಗಿ, ಚೆಂಡನ್ನು ಎರಡು ಕಾಲುಗಳ ನಡುವಿನಿಂದ ಹಿಂದಕ್ಕೆ ಕೊಟ್ಟು, ತಲೆ ಎತ್ತುವಷ್ಟರಲ್ಲಿ ಎದುರಿನಿಂದ ನುಗ್ಗುವ ಗೂಳಿಯಂಥ ಮನುಷ್ಯನಿಗೆ ಎದೆಕೊಡುವುದು ಅವನ ಕೆಲಸ. ಈ ಕೆಲಸವನ್ನು ಮಾಡೀ ಮಾಡೀ ಅವನ ಬಲ ಮೊಣಕಾಲಿನಲ್ಲಿ ಮೂಳೆಗೂ ಮೂಳೆಗೂ ನಡುವೆ ಇರಬೇಕಾದದ್ದು ಏನೂ ಉಳಿದಿರಲಿಲ್ಲ. ಮೆಟ್ಟಿಲು ಇಳಿದರೆ ಪಕ್ಕದ ಕೋಣೆಯವರಿಗೆ ಹಪ್ಪಳ ಮುರಿದ ಸದ್ದು ಕೇಳಿಸುತ್ತಿತ್ತು. ಅವನ ಮಗಳು ಟಿಲ್ಲಿಗೆ ನಾಲ್ಕು ವರ್ಷ. ಆ ವಯಸ್ಸಿನ ಮಕ್ಕಳು ಬಹುಮಟ್ಟಿಗೆ ನೆಲದ ಮೇಲೆಯೇ ವಾಸಿಸುತ್ತಾರೆ. ಬಗ್ಗಿ ಅವಳನ್ನು ಎತ್ತಿಕೊಳ್ಳಲು ಹೋದರೆ, ಆಮೇಲೆ ಇಬ್ಬರನ್ನೂ ಎತ್ತಲು ಹೆಂಡತಿ ಕಾರ್ಲಾ ಬರಬೇಕಾಗುತ್ತಿತ್ತು.

"ಇನ್ನೊಂದು ಸೀಸನ್ ಆಡಿದ್ರೆ ಇದು ಕಾಲಲ್ಲ, ಕಂಬ," ಎಂದು ಮೂಳೆ ವೈದ್ಯರು ಹೇಳಿದರು.

ಹಾಗಾಗಿ ಮಾರ್ಚ್ ತಿಂಗಳಲ್ಲಿ, ಸರೋವರದ ಮೇಲಿನ ಮಂಜುಗಡ್ಡೆ ಇನ್ನೂ ಪೂರ್ತಿ ಒಡೆಯುವ ಮುಂಚೆ, ವೆಂಡೆಲ್ ಮದುವೆ-ಸಾವುಗಳಿಗೆಂದು ಇಟ್ಟುಕೊಂಡಿದ್ದ ಸೂಟು ತೊಟ್ಟು ಸಂಘದ ಕಚೇರಿಗೆ ಹೋದ. ಸಂಬಳ ಮಿತಿ ವಿಭಾಗದ ಉಪಾಧ್ಯಕ್ಷ ಪ್ರೆಸ್ಟನ್ ಹೇಗನ್ ಎದ್ದು ನಿಂತು ಬರಮಾಡಿಕೊಂಡ. ಪ್ರೆಸ್ಟನ್ ಜೀವನದಲ್ಲಿ ಒಮ್ಮೆಯೂ ಚೆಂಡು ಹಿಡಿದವನಲ್ಲ. ಆ ಕಾರಣದಿಂದಲೇ ಅವನ ಎರಡು ಮೊಣಕಾಲುಗಳೂ ಸುಸ್ಥಿತಿಯಲ್ಲಿದ್ದವು.

"ಬನ್ನಿ ವೆಂಡೆಲ್, ಕೂತ್ಕೊಳ್ಳಿ."

"ನಿಂತೇ ಇರ್ತೀನಿ. ಕೂತ್ರೆ ಏಳ್ಸೋಕೆ ಇಬ್ಬರನ್ನ ಕರೀಬೇಕಾಗುತ್ತೆ. ಪ್ರೆಸ್ಟನ್, ನಾನು ನಿವೃತ್ತಿ ತಗೋತೀನಿ."

"ಅಭಿನಂದನೆಗಳು," ಎಂದ ಪ್ರೆಸ್ಟನ್, ಮನಸಾರೆ. "ಆದ್ರೆ ನಿಮ್ಮ ನಿವೃತ್ತಿ ನಮ್ಮ ಕೈಗೆಟುಕೋ ಹಾಗಿಲ್ಲ."

ಸಂಗತಿ ಇಷ್ಟೆ. ಒಂದು ತಂಡ ವರ್ಷಕ್ಕೆ ಆಟಗಾರರ ಸಂಬಳಕ್ಕೆ ಇಷ್ಟೇ ಖರ್ಚು ಮಾಡಬೇಕೆಂದು ಲೀಗ್ ಒಂದು ಮಿತಿ ಹಾಕಿದೆ. ಕೂಪರ್ಸ್ ಸಂಘದವರು ಮಿತಿಯನ್ನು ಮೀರುವವರಲ್ಲ. ಹಣವನ್ನು ಆಟಗಾರನ ಕೈಗೆ ಈಗಲೇ ಕೊಟ್ಟು, ಲೆಕ್ಕವನ್ನು ಮುಂದಿನ ವರ್ಷಗಳ ತಲೆಗೆ ಹಂಚುವವರು. ಮುಂದಿನ ವರ್ಷಗಳು ಸಾಲದಾದಾಗ ಒಪ್ಪಂದದ ಬಾಲಕ್ಕೆ ಇನ್ನಷ್ಟು ವರ್ಷಗಳನ್ನು ಜೋಡಿಸುತ್ತಿದ್ದರು. ಆ ವರ್ಷಗಳಲ್ಲಿ ಆ ಮನುಷ್ಯ ಆಡುತ್ತಾನೆಂದು ಯಾರೂ ನಂಬುತ್ತಿರಲಿಲ್ಲ. ಕಡತದಲ್ಲಿ ಅವುಗಳಿಗೆ ಸೌಜನ್ಯದ ವರ್ಷಗಳೆಂದು ಹೆಸರು. ಆಟಗಾರ ನಡುವೆ ಎದ್ದುಹೋದರೆ ಮಾತ್ರ ಅಷ್ಟೂ ವರ್ಷಗಳ ಲೆಕ್ಕ ಒಟ್ಟಿಗೆ ಈ ವರ್ಷದ ನೆತ್ತಿಗೆ ಬೀಳುತ್ತದೆ.

"ನಾನು ಬಿಟ್ರೆ ನನ್ನ ಸಂಬಳ ನಿಮಗೆ ಉಳಿಯಲ್ವಾ?"

"ಆಡಿದ್ರೆ ನೀವು ಅಗ್ಗ. ಮನೇಲಿ ಕೂತ್ರೆ ದುಬಾರಿ. ಸತ್ರಂತೂ..." ಪ್ರೆಸ್ಟನ್ ಕಂಪ್ಯೂಟರ್ ಪರದೆಯತ್ತ ಬಗ್ಗಿ ನೋಡಿದ. "ಸತ್ರೂ ಅಷ್ಟೆ. ಹುಷಾರಾಗಿರಿ ದಯವಿಟ್ಟು."

"ನನ್ನ ಒಪ್ಪಂದ ಮುಗಿಯೋದು ಯಾವಾಗ?"

"ನಿಮ್ಮ ಐವತ್ತೆಂಟನೇ ವಯಸ್ಸಿಗೆ."

"ಅಲ್ಲೀವರೆಗೂ ನಾನು ಆಡ್ತೀನಿ ಅಂತ ಯಾರಪ್ಪಾ ಹೇಳಿದ್ದು?"

"ಯಾರೂ ಹೇಳಿಲ್ಲ. ಅದೇ ಅದರ ಸೊಗಸು."

ವೆಂಡೆಲ್ ಮೈಭಾರವನ್ನು ಎಡಗಾಲಿಗೆ ಬದಲಿಸಿದ. "ಬೇಕಂತಲೇ ಕೆಟ್ಟದಾಗಿ ಆಡಿದ್ರೆ ತೆಗೆದುಹಾಕ್ತೀರಾ?"

"ಹೋದ ವರ್ಷ ನೀವು ತುಂಬಾ ಕೆಟ್ಟದಾಗೇ ಆಡಿದ್ರಿ. ನಾವು ಒಂದು ಮಾತಾದ್ರೂ ಅಂದ್ವಾ?" ಪ್ರೆಸ್ಟನ್‌ನ ದನಿಯಲ್ಲಿ ನಿಜವಾದ ನೋವಿತ್ತು.

ಮನೆಗೆ ಬಂದು ಹೇಳಿದಾಗ ಕಾರ್ಲಾ ಪಾತ್ರೆ ಒರೆಸುವುದನ್ನು ನಿಲ್ಲಿಸಲಿಲ್ಲ.

"ಅವ್ರು ಪ್ರತಿ ಸಲ ಕಾಗದ ಹಿಡ್ಕೊಂಡು ಬಂದಾಗ್ಲೂ ಕುಣಿದಾಡಿ ಸಹಿ ಹಾಕಿದ್ದು ಯಾರು?"

"ಪೂರ್ತಿ ದುಡ್ಡು ಮೊದಲೇ ಕೊಡ್ತೀವಿ ಅಂದ್ರು ಕಣೇ. ಬೇಡ ಅನ್ನೋದು ಹೇಗೆ?"

"ಅದಕ್ಕೇ ದೋಣಿ ಬಂತು, ಸರೋವರದ ದಡದಲ್ಲಿ ಮನೆ ಬಂತು, ಮನೆ ಮುಂದೆ ಇನ್ನೊಂದು ದೋಣಿ ಬಂತು. ತಗೊಂಡ್ಯಲ್ಲ, ಈಗ ಹುಟ್ಟು ಹಾಕು."

ಊರಿನವರಾದರೂ ತನ್ನ ಪರ ನಿಂತಾರೆಂದು ವೆಂಡೆಲ್ ಎಣಿಸಿದ್ದ. ಆಶ್ಟನ್ ಹಾರ್ಬರ್ ಜನಕ್ಕೆ ತಂಡವೆಂದರೆ ಪ್ರಾಣ. ಅಲ್ಲಿ ಮಗು ಹುಟ್ಟಿದರೆ ಜ್ಞಾನಸ್ನಾನಕ್ಕೆ ಮೊದಲು ಸೀಸನ್ ಟಿಕೆಟ್‌ನ ಕಾಯುವ ಸರದಿಗೆ ಹೆಸರು ಬರೆಸುತ್ತಾರೆ. ಟಿಕೆಟ್ ಸಿಗುವ ಹೊತ್ತಿಗೆ ಆ ಮಗುವಿಗೆ ಮೊಮ್ಮಕ್ಕಳಿರುತ್ತಾರೆ. ಶುಕ್ರವಾರ ಸಂಜೆ ಗಸ್ ಲಿಂಡ್‌ಗ್ರೆನ್‌ನ ಹೋಟೆಲಿಗೆ ಕರಿದ ಮೀನು ತಿನ್ನಲು ಇಡೀ ಊರೇ ಸೇರುತ್ತದೆ. ವೆಂಡೆಲ್ ಕುಂಟುತ್ತ ಒಳಗೆ ಬಂದಾಗ ಎಲ್ಲರೂ ಅವನ ಮೊಣಕಾಲಿನ ಕಡೆ ತಿರುಗಿದರು. ಸುದ್ದಿ ಅವನಿಗಿಂತ ಮೊದಲೇ ಬಂದು ಕೂತಿತ್ತು.

"ಏನೋ ಮಹರಾಯ, ಬಿಡ್ತೀಯಂತೆ?" ಎಂದ ಗಸ್, ಎಣ್ಣೆಯಿಂದ ಮೀನು ಎತ್ತುತ್ತ.

"ಮೊಣಕಾಲು ಹೋಗಿದೆ ಗಸ್."

"ನಿನ್ನ ಮೊಣಕಾಲಿನ ಮಾತಾಡ್ತೀಯಲ್ಲ, ನಮ್ಮ ಮಿತಿಯ ಗತಿ ಏನು ಅಂತ ಯೋಚನೆ ಮಾಡಿದ್ಯಾ?"

ನಮ್ಮ ಮಿತಿ ಎಂದ ಗಸ್‌ಗೆ ಗ್ಯಾಸ್ ಕಂಪನಿಯ ಮೂರು ಬಿಲ್ಲು ಬಾಕಿ ಇತ್ತು. ಪಕ್ಕದ ಮೇಜಿನಲ್ಲಿ ಕೂತಿದ್ದ ಮುದುಕಿ ಅರ್ಡಿಸ್‌ಳ ಪಿಂಚಣಿಯನ್ನು ಕಾಗದದ ಗಿರಣಿ ಮುಚ್ಚಿದವರು ಅರ್ಧಕ್ಕೆ ಇಳಿಸಿದ್ದರು. ಆ ಬಗ್ಗೆ ಅವಳಿಗೆ ಹೆಚ್ಚಿನ ತಿಳಿವಳಿಕೆ ಇರಲಿಲ್ಲ. ವೆಂಡೆಲ್‌ನ ಸೌಜನ್ಯದ ವರ್ಷಗಳು ಮಾತ್ರ ಅವಳಿಗೆ ಬಾಯಿಪಾಠವಾಗಿದ್ದವು.

"ಸ್ವಾರ್ಥ ಒಳ್ಳೇದಲ್ಲ ಮಗಾ," ಎಂದಳು ಅರ್ಡಿಸ್. "ನೀನು ಎದ್ದುಹೋದ್ರೆ ಚೆಂಡು ಎಸೆಯೋ ಆ ಹೊಸ ಕ್ವಾರ್ಟರ್‌ಬ್ಯಾಕ್ ಹುಡುಗನಿಗೆ ದುಡ್ಡು ಕೊಡೋಕೆ ಮಿತಿಯಲ್ಲಿ ಜಾಗ ಎಲ್ಲಿರುತ್ತೆ? ಪಾಪ, ಅವನಿಗೆ ಇನ್ನೂ ಒಂದೇ ಮನೆ."

ಸುತ್ತ ಕೂತವರೆಲ್ಲ ಹೌದು ಹೌದೆಂದು ತಲೆಯಾಡಿಸಿದರು. ವೆಂಡೆಲ್‌ಗೂ ಆ ಹುಡುಗನ ಬಗ್ಗೆ ಅಯ್ಯೋ ಅನ್ನಿಸಿತು. ಮೀನು ಕಟ್ಟಿಸಿಕೊಂಡು ಮನೆಗೆ ಬಂದ.

ಉಳಿದದ್ದು ಒಂದೇ ಬಾಗಿಲು. ಸಂಘದ ಒಡತಿ ಒಡೆಟ್ ಸ್ಟ್ರಾಸರ್ ಎಂಬತ್ತು ದಾಟಿದವರು. ಅವರ ಅಜ್ಜ ಬಿಯರ್ ಪೀಪಾಯಿ ಮಾಡುವ ಕೆಲಸಗಾರರಿಗೆ ಸಂಬಳ ಏರಿಸುವ ಬದಲು ಒಂದು ಚೆಂಡು ಕೊಡಿಸಿ ಈ ತಂಡವನ್ನು ಕಟ್ಟಿದ್ದರು. ಒಡೆಟ್ ಅವರಿಗೆ ಆಟಕ್ಕಿಂತ ಇತಿಹಾಸ ಇಷ್ಟ. ಕ್ರೀಡಾಂಗಣದ ಚರಿತ್ರೆ ಮಂದಿರದಲ್ಲಿ ಮಹಾನ್ ಆಟಗಾರರ ಅಂಗಿಗಳನ್ನು ಸೂರಿಗೆ ತೂಗುಹಾಕಿ, ಮುಂದೆ ಇನ್ನಾರೂ ತೊಡದಂತೆ ಆ ಅಂಗಿಯ ಸಂಖ್ಯೆಗೆ ನಿವೃತ್ತಿ ಘೋಷಿಸುವುದು ಅವರು ಕೈಯಾರೆ ನಡೆಸುವ ಕಾರ್ಯ. ಗೌರವ ಸಲ್ಲಿಸುವುದರಲ್ಲಿ ಅವರು ಕೈ ಬಿಗಿಹಿಡಿದವರಲ್ಲ. ಹೀಗಾಗಿ ಸಂಖ್ಯೆಗಳು ಮುಗಿಯುತ್ತ ಬಂದಿದ್ದವು. ಹೊಸದಾಗಿ ಸೇರುವ ಹುಡುಗರಲ್ಲಿ ಕೆಲವರು ಅಭ್ಯಾಸಕ್ಕೆ ಸಂಖ್ಯೆಯಿಲ್ಲದ ಅಂಗಿ ತೊಟ್ಟು ಬರುತ್ತಿದ್ದರು.

ಆ ಅಂಗಿಗಳ ಕೆಳಗೆ ಗಾಲಿಕುರ್ಚಿಯಲ್ಲಿ ಕೂತು ಒಡೆಟ್ ಅವನ ಕತೆಯನ್ನೆಲ್ಲ ಕೇಳಿದರು. ಕಣ್ಣು ಒರೆಸಿಕೊಂಡರು.

"ನಿನಗೆ ಗೌರವ ಸಲ್ಲಲೇಬೇಕಪ್ಪ. ಹೇಗೂ ಇನ್ನೊಂದೆರಡು ಸಂಖ್ಯೆ ಉಳಿದಿವೆ. ನಿನ್ನ ಅಂಗಿ ಸಂಖ್ಯೆಗೆ ನಿವೃತ್ತಿ ಕೊಟ್ಟುಬಿಡೋಣ. ನೀನು ಆಡ್ತಾ ಇರು."

"ಮೇಡಂ, ನೋವಿರೋದು ಸಂಖ್ಯೆಗಲ್ಲ. ಮೊಣಕಾಲಿಗೆ."

ಒಡೆಟ್ ತಲೆ ಎತ್ತಿ ಸೂರು ನೋಡಿದರು. ಅಲ್ಲಿ ಇನ್ನೂ ಜಾಗವಿತ್ತು.

"ಹಾಗಾದ್ರೆ ಮೊಣಕಾಲಿಗೇ ಕೊಡೋಣ," ಎಂದರು.

ಪ್ರೆಸ್ಟನ್‌ನನ್ನು ಕರೆಸಲಾಯಿತು. ಅವನು ಮೊದಲು ನಕ್ಕ. ಆಮೇಲೆ ನಗುವುದನ್ನು ನಿಲ್ಲಿಸಿ ಲೆಕ್ಕ ಹಾಕಿದ. ಇಡೀ ವೆಂಡೆಲ್ ಹೋದರೆ ಮಿತಿ ಒಡೆಯುತ್ತಿತ್ತು. ಒಂದು ಮೊಣಕಾಲು ಮಾತ್ರ ಹೋದರೆ ಅದರ ಪಾಲಿನ ಲೆಕ್ಕವಷ್ಟೇ ಈ ವರ್ಷಕ್ಕೆ ಬೀಳುತ್ತಿತ್ತು. ಅದಕ್ಕೆ ಜಾಗವಿತ್ತು. ಅದರ ಸ್ಥಾನಕ್ಕೆ ಬರುವ ಉಕ್ಕಿನ ಮೊಣಕಾಲು ಲೀಗ್‌ನಲ್ಲಿ ಹಿಂದೆಂದೂ ಆಡಿದ್ದಿಲ್ಲವಾದ್ದರಿಂದ ಅದನ್ನು ಹೊಸಬನೆಂದು ಪರಿಗಣಿಸಿ ಕನಿಷ್ಠ ಸಂಬಳ ಕೊಟ್ಟರೆ ಸಾಕು. ಲೀಗ್‌ನ ವಕೀಲರು ನಿಯಮಾವಳಿಯನ್ನು ಎರಡು ಸಲ ಓದಿ, ಆಟಗಾರ ಪೂರ್ತಿಯಾಗಿಯೇ ನಿವೃತ್ತನಾಗಬೇಕೆಂದು ಎಲ್ಲಿಯೂ ಹೇಳಿಲ್ಲವೆಂದು ಒಪ್ಪಿದರು.

ಮೇ ತಿಂಗಳಲ್ಲಿ ಈ ಕೆಳಕಂಡ ಪ್ರಕಟಣೆ ಹೊರಬಿತ್ತು:

"ಸಂಘದ ಹಿರಿಯ ಸದಸ್ಯರಾದ ಶ್ರೀ ವೆಂಡೆಲ್ ನೊವೊಟ್ನಿಯವರ ಬಲ ಮೊಣಕಾಲು ತನ್ನ ಸುದೀರ್ಘ ಸೇವೆಯಿಂದ ನಿವೃತ್ತಿ ಹೊಂದಲು ನಿರ್ಧರಿಸಿರುವುದನ್ನು ವಿಷಾದದಿಂದಲೂ ಕೃತಜ್ಞತೆಯಿಂದಲೂ ತಿಳಿಸಲಾಗಿದೆ. ಶ್ರೀಯುತರ ಉಳಿದ ಭಾಗಗಳು ಎಂದಿನಂತೆ ಕರ್ತವ್ಯದಲ್ಲಿ ಮುಂದುವರಿಯುತ್ತವೆ. ನಿವೃತ್ತ ಮೊಣಕಾಲು ಬೇರೆ ತಂಡದ ಪರ ಆಡುವಂತಿಲ್ಲ."

ಶಸ್ತ್ರಚಿಕಿತ್ಸೆ ಆಯಿತು. ಬೇಸಿಗೆಯ ಅಭ್ಯಾಸ ಶಿಬಿರದ ಮೊದಲ ದಿನ ಬೀಳ್ಕೊಡುಗೆ. ಕ್ರೀಡಾಂಗಣದಲ್ಲಿ ಹೆಜ್ಜೆ ಇಡಲು ಜಾಗವಿರಲಿಲ್ಲ. ರಾಷ್ಟ್ರಗೀತೆಯ ಕೊನೆಯ ಸಾಲಿಗೆ ಸರಿಯಾಗಿ ಯುದ್ಧವಿಮಾನಗಳು ತಲೆಯ ಮೇಲೆ ಹಾದುಹೋದವು. ಹಳೆಯ ಮೊಣಕಾಲಿನ ಮೂಳೆಯನ್ನು ಗಾಜಿನ ಭರಣಿಯಲ್ಲಿಟ್ಟು, ತಂಡದ ಬಣ್ಣದ ರಿಬ್ಬನ್ ಕಟ್ಟಿ, ಒಡೆಟ್ ಅವರ ಕೈಯಿಂದ ಸೂರಿಗೆ ಏರಿಸಲಾಯಿತು. ಗಸ್ ಬಿಕ್ಕಿ ಬಿಕ್ಕಿ ಅತ್ತ. ಅರ್ಡಿಸ್ ಮೊಣಕಾಲಿನ ಚಿತ್ರವಿರುವ ಅಂಗಿ ಕೊಂಡುಕೊಂಡಳು. ಬೆಲೆ ಅವಳ ಒಂದು ತಿಂಗಳ ಪಿಂಚಣಿಗಿಂತ ಸ್ವಲ್ಪ ಕಡಿಮೆ ಇತ್ತು.

ಭಾಷಣ ಮಾಡಬೇಕೆಂದು ವೆಂಡೆಲ್‌ನನ್ನು ಮೈಕಿನ ಮುಂದೆ ನಿಲ್ಲಿಸಿದರು.

"ಅದು ಒಳ್ಳೇ ಮೊಣಕಾಲಾಗಿತ್ತು," ಎಂದ. "ಅದಕ್ಕೆ ಇನ್ನಾದ್ರೂ ವಿಶ್ರಾಂತಿ ಸಿಗ್ಲಿ."

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ತರಬೇತುದಾರ ಸೀಟಿ ಊದಿದ. ವೆಂಡೆಲ್ ಸೂಟು ಬಿಚ್ಚಿ ಅಭ್ಯಾಸಕ್ಕೆ ಇಳಿದ. ಉಕ್ಕಿನ ಮೊಣಕಾಲು ಹೊಸಬನಾದ್ದರಿಂದ ಪದ್ಧತಿಯಂತೆ ಹಿರಿಯರ ಹೆಲ್ಮೆಟ್ಟುಗಳನ್ನು ಮೈದಾನದಿಂದ ಹೊತ್ತು ತರುವುದು ಅದರ ಪಾಲಿಗೆ ಬಂತು. ಅದರ ಜೊತೆಗೆ ವೆಂಡೆಲ್ ಕೂಡ ಹೋಗಬೇಕಾಯಿತು. ಕ್ವಾರ್ಟರ್‌ಬ್ಯಾಕ್ ಹುಡುಗ ಪ್ರೆಸ್ಟನ್‌ನನ್ನು ಪಕ್ಕಕ್ಕೆ ಕರೆದು ತನ್ನ ಮೊಣಕೈಯ ಭವಿಷ್ಯದ ಬಗ್ಗೆ ವಿಚಾರಿಸುತ್ತಿದ್ದ.

ಆ ಭಾನುವಾರ ವೆಂಡೆಲ್ ಮನೆಯಲ್ಲಿದ್ದ. ಟಿಲ್ಲಿ ನೆಲದ ಮೇಲೆ ಪ್ಲಾಸ್ಟಿಕ್ ಹಸುಗಳನ್ನು ಸಾಲಾಗಿ ನಿಲ್ಲಿಸಿ ಹಾಲು ಕರೆಯುತ್ತಿದ್ದಳು.

"ಅಪ್ಪಾ, ಕೆಳಗೆ ಬಾ. ಎತ್ಕೋ."

ವೆಂಡೆಲ್ ಬಗ್ಗಿದ. ಉಕ್ಕಿನ ಮೊಣಕಾಲು ಅರ್ಧದವರೆಗೆ ನಿಶ್ಶಬ್ದವಾಗಿ ಮಡಚಿ, ಅಲ್ಲಿಗೆ ನಿಂತಿತು. ಅದನ್ನು ಸೆಂಟರ್ ಜಾಗಕ್ಕೆ ಬೇಕಾದಷ್ಟೇ ಮಡಚುವಂತೆ ಮಾಡಲಾಗಿತ್ತು. ಅದಕ್ಕಿಂತ ಹೆಚ್ಚು ಮಡಚುವ ಮೊಣಕಾಲಿಗೆ ಮಿತಿಯಲ್ಲಿ ಅವಕಾಶ ಇರಲಿಲ್ಲ. ನೆಲಕ್ಕೂ ಅವನ ಬೆರಳುಗಳಿಗೂ ನಡುವೆ ಒಂದು ಗೇಣು ಉಳಿಯಿತು. ಟಿಲ್ಲಿ ಕೈ ಚಾಚಿಕೊಂಡು ಕಾದಳು.

ಕಾರ್ಲಾ ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ಒಂದೊಂದೇ ಹಸುವನ್ನು ಎತ್ತಿ ಊಟದ ಮೇಜಿನ ಮೇಲೆ ನಿಲ್ಲಿಸಿದಳು. ಟಿಲ್ಲಿಯನ್ನೂ ಎತ್ತಿ ಹಸುಗಳ ನಡುವೆ ಕೂರಿಸಿದಳು. ವೆಂಡೆಲ್ ಈಗ ನಿಂತಲ್ಲಿಂದಲೇ ಮಗಳನ್ನು ಎತ್ತಿಕೊಳ್ಳಬಹುದಾಗಿತ್ತು. ಎತ್ತಿಕೊಂಡ.

"ಊಟ ಎಲ್ಲಿ ಮಾಡೋದು?" ಎಂದ.

"ನಿಂತ್ಕೊಂಡು. ಹೇಗೂ ನೀನು ಕೂರಲ್ವಲ್ಲ," ಎಂದಳು ಕಾರ್ಲಾ. "ಎಡ ಮೊಣಕಾಲಿಂದು ಯಾವಾಗಂತೆ?"

"ಇನ್ನೆರಡು ವರ್ಷ ಬಿಟ್ಟು. ಅದರ ಲೆಕ್ಕ ಮುಂದಕ್ಕೆ ತಳ್ಳಿದಾರೆ. ಸೊಂಟದ್ದು ಅದಾದ ಮೇಲೆ."

"ಅಷ್ಟು ಹೊತ್ತಿಗೆ ಇವಳು ನಿನ್ನ ಎದೆ ಮಟ್ಟ ಬೆಳೆದಿರ್ತಾಳೆ."

"ಹೌದಲ್ವಾ? ಆಗ ಬಗ್ಗೋ ಖರ್ಚೇ ಇರಲ್ಲ," ಎಂದ ವೆಂಡೆಲ್, ಹಗುರವಾಗಿ.

ಸಂಘದವರು ಇದನ್ನೆಲ್ಲ ಮೊದಲೇ ಯೋಚಿಸಿದ್ದರೇನೋ ಎಂದು ಇಬ್ಬರಿಗೂ ಅನ್ನಿಸಿತು. ಕಾರ್ಲಾ ತಟ್ಟೆಗಳನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಬಡಿಸಿದಳು. ಟಿಲ್ಲಿ ಮತ್ತೆ ಮೇಜಿನ ಮೇಲೆ ಕೂತು ಅವರಿಗೆ ಹಾಲು ಮಾರಿದಳು.