ಎರಡೂ ಆಪ್ ಹಾಕಿಸ್ಕೊಳ್ರಿ

ಸಿಂಧನೂರು ಬಸ್ ಸ್ಟ್ಯಾಂಡ್ ಹತ್ರ ನಂದೊಂದು ಮೊಬೈಲ್ ರಿಪೇರಿ ಅಂಗಡಿ ಐತಿ. ಅಲ್ಲಿ ದಿನಾ ಒಂದಿಲ್ಲೊಂದು ಫಜೀತಿ ಇದ್ದದ್ದ. ಮಂದಿ ಫಜೀತಿಗೆ ನಕ್ಕಾಂವ ನಾನು. ಕಡೀಕ ನಂದ ಫಜೀತಿ ಆದಾಗ ಮಾರಿ ಎಲ್ಲಿ ಇಟ್ಕೊಳ್ಳಲಿ ಅಂತ ತಿಳೀಲಿಲ್ಲ. ಈಗ ಹೇಳಾಕೂ ನಾಚಿಕಿ ಬರ್ತೈತಿ.

ಎಲ್ರೂ ಬಳಸೋ ಒಂದು ಆಪ್ ಇತ್ತು. ಫೋಟೋ, ಮೆಸೇಜು ಎಲ್ಲ ಅದ್ರಾಗ. ಕಂಪನಿಯವ್ರಿಗೆ ಏನ್ ತಿಳೀತೋ, ಅದನ್ನ ಎರಡು ಮಾಡಿದ್ರು. ಫೋಟೋ ಹಳೇದ್ರಾಗ ಉಳೀತು, ಮೆಸೇಜು ಹೊಸಾದಕ್ಕ ಹೋತು. ನಾ ಅಂಗಡಿ ಮುಂದ ಬೋರ್ಡ್ ಬರೆಸಿದೆ: 'ಎರಡೂ ಆಪ್ ಹಾಕಿಸ್ಕೊಳ್ರಿ. ಇಲ್ಲಂದ್ರ ಬೀಗರು ಬಾಗಿಲಿಗೆ ಬಂದ್ರೂ ಗೊತ್ತಾಗಂಗಿಲ್ಲ!'

ಬೀಗರ ಮಾತು ಸುಮ್ನ ಬರೆಸಿದ್ದಲ್ಲ. ನನ್ನ ತಂಗಿ ಮದುವಿ ಮಾತು ಲಿಂಗಸುಗೂರಿನ ಒಂದು ಮನೀ ಜೋಡಿ ನಡೆದಿತ್ತು. ಚಲೋ ಮಂದಿ, ಕೈ ತಪ್ಪಬಾರ್ದು ಅಂತ ಅವ್ವ ದಿನಾ ದೇವ್ರಿಗೆ ಕೈ ಮುಗೀತಿದ್ಲು.

೧. ಬ್ಯಾರೆ ಆದ ಮನಿ

ತುರ್ವಿಹಾಳದ ಅಜ್ಜಿ ಒಬ್ಬಾಕಿ ಬಂದ್ಲು. "ತಮ್ಮಾ, ಮೊಮ್ಮಗಳ ಫೋಟೋ ಬರ್ತಾವ, ಮಾತು ಬರವಲ್ವು. ಸಿಟ್ಟಾಗ್ಯಾಳೇನೋ?"

"ಇಲ್ಲಬೇ ಅಜ್ಜಿ, ಮಾತಿನ ಆಪ್ ಬ್ಯಾರೆ ಆಗೇತಿ."

"ಯಾಕ, ಜಗಳಾಡ್ಯಾವೇನು?"

"ಕಂಪನಿಯವ್ರ ಬ್ಯಾರೆ ಮಾಡ್ಯಾರ."

ಹೊಸಾದು ಹಾಕಿ ಕೊಟ್ಟೆ. 'ಅಜ್ಜೀ, ಉಂಡೇನು?' ಅಂತ ಮೊಮ್ಮಗಳು ದಿನಾ ಮಾತಾಡಿ ಕಳಿಸಿದ್ದು ಸಾಲಾಗಿ ಕುಂತಿತ್ತು. ಅಜ್ಜಿ ಕಣ್ಣೊರೆಸಿಕೊಂಡು ಅಂದ್ಲು, "ಚಲೋ ಇದ್ದ ಮನಿ ಹಿಂಗ ಒಡೀತಾರಂದ್ರ, ನಮ್ಮ ಹಿರೇ ಸೊಸಿ ಆ ಕಂಪನಿಗೆ ಯಾವಾಗ ಸೇರಿದ್ಲೋ?"

೨. ತಂಗಿ ಜಂಪರು

ನಮ್ಮ ಬಾಜೂಕ ಟೇಲರ್ ಚಾಚಾನ ಅಂಗಡಿ. ಹೆಣ್ಮಕ್ಳು ಜಂಪರಿನ ಡಿಸೈನು ಫೋಟೋದಾಗ ಕಳಿಸ್ತಾರ, ಅಳತಿ ಮೆಸೇಜಿನ್ಯಾಗ. ಈಗ ಅವೆರಡೂ ಬ್ಯಾರೆ ಬ್ಯಾರೆ ಕಡೆ. ಫೋಟೋ ಕಡೆ ಯಾರ ಹೆಸರೂ ಇಲ್ಲ, ಬರೇ ಹೂವಿನ ಚಿತ್ರ.

"ಯಾವ್ದು ಯಾರ್ದು ಬೇಟಾ?" ಅಂತ ಚಾಚಾ ಕೇಳಿದ.

ನಾ ಕೈಯಾಗಿನ ಮೊಬೈಲಿನಿಂದ ತಲಿ ಎತ್ತದ ಅಂದೆ, "ಮೊದ್ಲು ಬಂದ ಫೋಟೋಕ್ಕ ಮೊದ್ಲು ಬಂದ ಅಳತಿ ಹಚ್ಚು ಚಾಚಾ."

ಪಾಪ, ಹಂಗ ಹೊಲ್ದ. ಮಸ್ಕಿಯ ದಪ್ಪನ್ನ ಟೀಚರಮ್ಮನ ಜಂಪರು ಆಕಿ ತೋಳೂ ದಾಟಲಿಲ್ಲ. ಚಾಚಾ ಒಬ್ಬನೇ ಬೈಸಿಕೊಂಡ. ಉಪಾಯ ನಂದು ಅಂತ ನಾ ಬಾಯಿ ಬಿಡಲಿಲ್ಲ. ಅದು ಇವತ್ತಿಗೂ ಚುಚ್ತೈತಿ.

ಮನೀಗೆ ಹೋದ್ರ ತಂಗಿ ಚಾಚಾ ಹೊಲ್ದು ಕೊಟ್ಟ ತನ್ನ ಹೊಸಾ ಜಂಪರು ತೊಟ್ಟು ನಿಂತಿದ್ಲು. "ಅಣ್ಣಾ, ನೀನೂ ಇದ್ರಾಗ ಬಾ, ಜಾಗ ಐತಿ" ಅಂದ್ಲು.

೩. ರವಿವಾರ

ಆ ರವಿವಾರ ಮನೀಗೆ ಸುಣ್ಣ ಹಚ್ಚಾಕತ್ತಿದ್ದೆ. ಲುಂಗಿ ಎತ್ತಿ ಕಟ್ಟಿ, ನಿಚ್ಚಣಿಕಿ ಮ್ಯಾಲೆ, ಗ್ವಾಡಿ ಕಡೆ ಮಾರಿ. ರಜಾ ಇದ್ರೂ ಮಂದಿ ಮೊಬೈಲ್ ಹಿಡ್ಕೊಂಡು ಮನೀ ಮಟ ಬರ್ತಾರ, ಅದೊಂದು ಕಾಟ.

"ಮೊಬೈಲ್ ಅಂಗಡಿಯವ್ರ ಮನಿ ಇದ ಏನ್ರೀ?" ಅಂತ ಹಿಂದಿಂದ ಯಾರೋ ಕೇಳಿದ್ರು.

ತಿರುಗೂ ನೋಡಲಿಲ್ಲ ನಾನು. "ಇವತ್ತು ಬಂದ್ ಐತಿ, ನಾಳೆ ಬರ್ರಿ! ರವಿವಾರ ಅಂಬೋದು ತಿಳಿಯಂಗಿಲ್ಲೇನು ನಿಮಗ?"

"ಲಿಂಗಸುಗೂರಿಂದ ಬಂದೀವ್ರೀ. ಹೆಣ್ಣು ನೋಡಾಕ."

ಕೈಯಾಗಿನ ಬ್ರಷ್ ಬಿತ್ತು. ತಿರುಗಿದ್ರ ಹುಡುಗ, ಅವ್ರಪ್ಪ, ಅವ್ರವ್ವ ಬಿಸಲಾಗ ನಿಂತಾರ!

"ಗುರುವಾರನ ಮೆಸೇಜ್ ಹಾಕೀನಲ್ಲಪಾ," ಅಂದ್ರು ಹುಡುಗನ ಅಪ್ಪ. "ಹ್ವಾದ ವಾರ ನಿಮ್ಮೂರ ಬಸ್ ಸ್ಟ್ಯಾಂಡಿಗೆ ಬಂದಾಗ ನಿನ್ನ ಬೋರ್ಡ್ ಓದೇ ನಾ ಹೊಸಾ ಆಪ್ ಹಾಕಿಸ್ಕೊಂಡೀನಿ."

ಊರಿಗೆಲ್ಲಾ ಹಾಕಿ ಕೊಟ್ಟಾಂವ, ನನ್ನ ಮೊಬೈಲಿಗೇ ಹಾಕ್ಕೊಂಡಿದ್ದಿಲ್ಲ! ನಾಳೆ ಹಾಕ್ಕೊಂಡ್ರಾತು ಅಂತ ಬಿಟ್ಟಿದ್ದೆ. ಅವ್ವ ಹಣಿ ಬಡ್ಕೊಂಡ್ಲು. ಭೂಮಿ ಬಾಯಿ ಬಿಡಬಾರ್ದಾ ಅನಿಸ್ತು ನನಗ. ಸಂಬಂಧ ಮುರೀತು, ತಂಗಿ ಬಾಳಿಗೆ ನಾನ ಕಲ್ಲು ಹಾಕಿದೆ ಅಂದ್ಕೊಂಡೆ.

ತಂಗಿ ಅದ ಜಂಪರಿಗೆ ನಾಕು ಪಿನ್ನು ಚುಚ್ಚಿಕೊಂಡು ಚಹಾ ತಂದ್ಲು. ಒಂದು ಪಿನ್ನು ಕಳಚಿ ತಟ್ಟೆಯಾಗ ಟಣ್ ಅಂತ ಬಿತ್ತು. ಆಕಿ ನಕ್ಕಬಿಟ್ಲು, ಹುಡುಗನೂ ನಕ್ಕ. ನಾ ಸುಣ್ಣದ ಮಾರಿ ಹೊತ್ತು ಮೂಲ್ಯಾಗ ನಿಂತಿದ್ದೆ.

ಹೋಗೋ ಮುಂದ ಹಿರಿಯರು ಚಪ್ಪಲಿ ಮೆಟ್ಟಿಕೊಂತ ಅಂದ್ರು, "ಹುಡುಗಿ ನಮಗ ಒಪ್ಪಿಗಿ. ಮದುವಿ ದಿನ ಗೊತ್ತು ಮಾಡಾಕ ಮುಂದಿನ ರವಿವಾರ ಬರ್ತೀವಿ. ಅವತ್ತಾದ್ರೂ ನಿಮ್ಮ ಮನಿ ಚಾಲೂ ಇರ್ತೈತೇನಪಾ?"