ನೀರಿನ ಮೇಲೊಂದು ರಿಪೇರಿ

ಮನುಷ್ಯ ಮಾಡಿದ ಯಾವ ಯಂತ್ರವನ್ನಾದರೂ ಮನುಷ್ಯನೇ ಆದ ನಾನು ಬಿಚ್ಚಿ ಸರಿಮಾಡಬಲ್ಲೆ ಎಂಬುದು ನನ್ನ ಬಹುಕಾಲದ ನಂಬಿಕೆ. ಮನೆಯಲ್ಲಿ ಮಾತ್ರ ಈ ನಂಬಿಕೆಗೆ ಬೆಲೆ ಅಷ್ಟಕ್ಕಷ್ಟೆ. ನಾನು ಮಿಕ್ಸಿ ಸರಿಮಾಡಿದಾಗ ಒಂದಷ್ಟು ಸ್ಕ್ರೂ ಉಳಿದವು, ಮಿಕ್ಸಿ ಉಳಿಯಲಿಲ್ಲ. ಕಾಲಿಂಗ್ ಬೆಲ್ ಸರಿಮಾಡಿದ ಮೇಲೆ ಹೊರಗೆ ಗುಂಡಿ ಒತ್ತಿದರೆ ಬಚ್ಚಲುಮನೆಯ ದೀಪ ಹತ್ತತೊಡಗಿತು. ನೆಂಟರು ಬಂದದ್ದು ಸ್ನಾನಕ್ಕೆ ಹೋದವರಿಗಷ್ಟೇ ತಿಳಿಯುತ್ತಿತ್ತು. ಅಂದೇ ನನ್ನ ಹೆಂಡತಿ ನನ್ನ ಟೂಲ್ ಬಾಕ್ಸನ್ನು ತನ್ನ ಬೀರುವಿನಲ್ಲಿಟ್ಟು ಬೀಗ ಜಡಿದಳು.

ಆ ಪೆಟ್ಟಿಗೆ ನಾನು ಮೊದಲ ಸಂಬಳದಲ್ಲಿ ಕೊಂಡದ್ದು. ಅದರಲ್ಲಿ ಸ್ಪ್ಯಾನರುಗಳು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಮಲಗಿರುತ್ತವೆ. ಅದಿಲ್ಲದೆ ಭಾನುವಾರಗಳು ನನಗೆ ನಿಜಕ್ಕೂ ಕಷ್ಟವಾಗಿದ್ದವು.

ಹೀಗಿರುವಾಗ ಹೆಂಡತಿಯ ತಮ್ಮ ಹಳೆಯದೊಂದು ವಾಟರ್ ಸ್ಕೂಟರ್ ಕೊಂಡ. ಅವನ ಮನೆ ಕೆರೆಯ ದಡದಲ್ಲೇ ಇದೆ, ಅತ್ತೆ ಮಾವ ಇರುವುದೂ ಅವನ ಜೊತೆಗೇ. ರಜಕ್ಕೆ ಬನ್ನಿ ಎಂದು ಫೋನಿನಲ್ಲಿ ಕರೆದವನು, "ಆದ್ರೆ ಭಾವ, ಅದು ಒಂದೊಂದ್ಸಲ ಕೈಕೊಡುತ್ತೆ" ಎಂದೂ ಸೇರಿಸಿದ. ಕೈಕೊಡುವ ಯಂತ್ರ ಎಂದರೆ ನನಗೆ ಕರೆಯೋಲೆ ಇದ್ದಂತೆ. ಅದರ ಕೈಪಿಡಿಯನ್ನು ಫೋನಿಗೆ ತರಿಸಿಕೊಂಡು ಪರೀಕ್ಷೆಗೆ ಓದಿದಂತೆ ಓದಿದೆ. ಓದಿ ಮುಗಿಸಿ ಹೆಂಡತಿಯ ಮುಂದೆ ನಿಂತೆ.

"ನೀರಿನ ಮಧ್ಯೆ ಕೆಟ್ರೂ ನಾನೇ ಸರಿಮಾಡಿ, ಓಡಿಸ್ಕೊಂಡೇ ದಡಕ್ಕೆ ತರ್ತೀನಿ. ಆಮೇಲಾದ್ರೂ ಪೆಟ್ಟಿಗೆ ಕೊಡ್ತೀಯಾ?"

"ಕೊಡ್ತೀನಿ. ಬೇರೆಯವರು ಎಳ್ಕೊಂಡು ಬರೋ ಹಾಗಾದ್ರೆ?"

"ನಿನ್ನ ತಮ್ಮನಿಗೇ ಕೊಟ್ಬಿಡು."

ಅವಳು ಕೂಡಲೇ ಪೆಟ್ಟಿಗೆಯನ್ನು ತಂದು ಕಾರಿನ ಡಿಕ್ಕಿಯಲ್ಲಿಟ್ಟಳು. ನನ್ನ ಮೇಲೆ ಅವಳಿಗಿದ್ದ ಭರವಸೆ ಅಂಥದ್ದು.

ದಡದಲ್ಲಿ ಭಾವಮೈದ ಏನೋ ಹೇಳಬಂದ. ನಾನು ಕೈಯೆತ್ತಿ ತಡೆದು ನಾನೇ ಪಾಠ ಶುರುಮಾಡಿದೆ. "ಈ ಕೆಂಪು ದಾರ ನೋಡು. ಒಂದು ತುದಿ ನನ್ನ ಮಣಿಕಟ್ಟಿಗೆ, ಇನ್ನೊಂದು ತುದಿಯ ಕ್ಲಿಪ್ಪು ಇಲ್ಲಿ ಗುಂಡಿಯ ಕೆಳಗೆ. ನಾನು ನೀರಿಗೆ ಬಿದ್ರೆ ದಾರ ಕಿತ್ಕೊಂಡು ಬರುತ್ತೆ, ಎಂಜಿನ್ ತಾನಾಗೇ ನಿಲ್ಲುತ್ತೆ. ಇದಿಲ್ದೆ ಗಾಡಿ ಸ್ಟಾರ್ಟೇ ಆಗಲ್ಲ." ಹೆಂಡತಿ ಶ್ರದ್ಧೆಯಿಂದ ಕೇಳಿದಳು. ಭಾವಮೈದ, "ಫೋನನ್ನ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತಗೊಂಡು ಹೋಗಿ ಭಾವ" ಎಂದ. "ಫೋನು ಬೇರೆಯವರ ಸಹಾಯ ಬೇಕಾದವರಿಗೆ" ಎಂದು ನಾನು ಎರಡೂ ಫೋನುಗಳನ್ನು ಅವನ ಕೈಗೇ ಕೊಟ್ಟೆ. ಇಬ್ಬರೂ ಲೈಫ್ ಜಾಕೆಟ್ ತೊಟ್ಟೆವು, ಅವಳು ನನ್ನ ಹಿಂದೆ ಕೂತಳು, ಹೊರಟೆವು.

ಕೆರೆಯ ನಡುವಿಗೆ ಬರುವಷ್ಟರಲ್ಲಿ ನನ್ನ ಟೋಪಿ ಹಾರಿಹೋಯಿತು. ಅದನ್ನು ಎತ್ತಿಕೊಳ್ಳಲೆಂದು ಗಾಡಿ ತಿರುಗಿಸಿದೆ. ಟೋಪಿ ಎಲ್ಲಿ ಎಂದು ಹುಡುಕುತ್ತಿರುವಾಗಲೇ ಎಂಜಿನ್ ಗಂಟಲು ಕಟ್ಟಿದವರಂತೆ ಕಿರುಚತೊಡಗಿತು. ಶಬ್ದ ಮಾತ್ರ ಏರುತ್ತಿತ್ತು, ಗಾಡಿ ಕದಲಲಿಲ್ಲ.

ಹೇಳಿಕೊಳ್ಳಬಾರದು, ನನಗೆ ಸಂತೋಷವೇ ಆಯಿತು.

"ಕೆಳಗೆ ನೀರು ಎಳ್ಕೊಳ್ಳೋ ಕಡೆ ಏನೋ ಸಿಕ್ಕಿಕೊಂಡಿದೆ" ಎಂದೆ. ಕೈಪಿಡಿಯಲ್ಲಿ ಹೇಳಿದ್ದಂತೆ ಮೊದಲು ಎಂಜಿನ್ ಆರಿಸಿದೆ, ಆಮೇಲೆ ಕ್ಲಿಪ್ಪು ತೆಗೆದೆ, ಮಣಿಕಟ್ಟಿನ ದಾರ ಬಿಚ್ಚಿ ಹೆಂಡತಿಯ ಕೈಗಿತ್ತೆ. "ನನ್ನ ಕೈ ಒಳಗಿರೋವಾಗ ಅಪ್ಪಿತಪ್ಪಿ ಎಂಜಿನ್ ಸ್ಟಾರ್ಟ್ ಆದ್ರೆ ಬೆರಳು ಹೋಗುತ್ತೆ. ಇದನ್ನ ಭದ್ರವಾಗಿ ಹಿಡ್ಕೊ. ನಾನಾಗಿ ಕೇಳೋವರೆಗೂ ಯಾವ ಕಾರಣಕ್ಕೂ ಕೊಡ್ಬೇಡ."

"ಸರಿ" ಎಂದು ಅವಳು ಮುಷ್ಟಿ ಬಿಗಿಹಿಡಿದಳು.

ನೀರಿಗಿಳಿದು ಗಾಡಿಯ ಕೆಳಗೆ ಕೈಹಾಕಿದೆ. ಒಂದು ಹಿಡಿ ಪಾಚಿಯ ಜೊತೆಗೆ ಚಿಂದಿಯಾದ ನನ್ನ ಟೋಪಿಯೇ ಬಂತು. ಊರಿಗೆಲ್ಲ ಟೋಪಿ ಹಾಕುವವರು ಇದ್ದಾರೆ. ಸ್ವಂತ ಟೋಪಿಯನ್ನು ಎಂಜಿನ್ನಿಗೆ ಹಾಕಿದವನು ನಾನೊಬ್ಬನೇ ಇರಬೇಕು. ಇರಲಿ, ರಿಪೇರಿ ರಿಪೇರಿಯೇ. ದಿಗ್ವಿಜಯ ಮುಗಿಸಿದ ಅರಸನಂತೆ ಹಿಂಬದಿಯಿಂದ ಹತ್ತಿ ಕೂತೆ.

"ಪೆಟ್ಟಿಗೆ ಕೊಡೋಕೆ ರೆಡಿಯಾಗು" ಎಂದು ಗುಂಡಿ ಒತ್ತಿದೆ.

ಗಾಡಿ ಉಸಿರೆತ್ತಲಿಲ್ಲ. ಮತ್ತೆ ಒತ್ತಿದೆ. ಕೆಮ್ಮಲೂ ಇಲ್ಲ.

"ರೀ, ಈ ದಾರ..." ಎಂದಳು ಹೆಂಡತಿ.

"ನಾನು ಕೇಳೋವರೆಗೂ ಬೇಡ ಅಂದಿಲ್ವಾ? ಇನ್ನೂ ಕೆಲಸ ಮುಗಿದಿಲ್ಲ."

ಪೆಟ್ರೋಲು ನೋಡಿದೆ, ತುಂಬಿತ್ತು. ಅವಳನ್ನು ಮುಂದಕ್ಕೆ ಸರಿಸಿ, ಸೀಟು ಎತ್ತಿ ಬ್ಯಾಟರಿಯ ತಂತಿಗಳನ್ನು ಅಲುಗಾಡಿಸಿದೆ, ಬಿಗಿಯಾಗಿದ್ದವು. ಇನ್ನು ಉಳಿದದ್ದು ಸ್ಪಾರ್ಕ್ ಪ್ಲಗ್. ಸೀಟಿನ ಕೆಳಗೇ ಒಂದು ಸ್ಪ್ಯಾನರ್ ಇತ್ತು. ಎಷ್ಟು ದಿನಗಳ ಮೇಲೆ ಕೈಗೆ ಸ್ಪ್ಯಾನರ್ ಸಿಕ್ಕಿತ್ತು! ಪ್ಲಗ್ ಬಿಚ್ಚಿದೆ, ಬೆಳಕಿಗೆ ಹಿಡಿದೆ, ಅಂಗಿಯ ಅಂಚಿನಲ್ಲಿ ಒರೆಸಿದೆ. ಅಂಗಿ ಪ್ಲಗ್ಗಿಗಿಂತ ಒದ್ದೆಯಾಗಿತ್ತು.

"ರೀ, ಒಂದ್ನಿಮಿಷ ನನ್ನ ಮಾತು..."

"ಸೂಕ್ಷ್ಮದ ಕೆಲಸ ಮಾಡೋವಾಗ ಮಾತಾಡಿಸ್ಬೇಡ ಕಣೆ" ಎಂದು ಅವಳ ಕಡೆ ತಿರುಗಿದೆ. ಪ್ಲಗ್ ಒದ್ದೆ ಬೆರಳಿನಿಂದ ಜಾರಿ, ಗಾಡಿಯ ಅಂಚಿಗೆ ತಾಗಿ, ಬುಳಕ್ಕೆಂದು ಕೆರೆಗೆ ಬಿತ್ತು.

ಇಬ್ಬರೂ ನೀರನ್ನೇ ನೋಡಿದೆವು. ಆಮೇಲೆ ಅವಳು ಲೈಫ್ ಜಾಕೆಟ್ಟಿನ ಸೀಟಿಯನ್ನು ಬಾಯಿಗಿಟ್ಟು ಜೋರಾಗಿ ಊದಿದಳು. ಸೀಟಿ ಊದಲು ಅವಳು ನನ್ನ ಅಪ್ಪಣೆ ಕೇಳಲಿಲ್ಲ.

ನಮ್ಮನ್ನು ಉದ್ಧರಿಸಲು ಬಂದದ್ದು ಬಾತುಕೋಳಿಯ ಆಕಾರದ ಪೆಡಲ್ ದೋಣಿ. ಒಳಗೆ ಅಕ್ಕಪಕ್ಕ ಕೂತು ತುಳಿಯುತ್ತಿದ್ದವರು ಅತ್ತೆ ಮತ್ತು ಮಾವ. ಮಂಡಿನೋವೆಂದು ನಮ್ಮ ಮನೆಯ ಮೆಟ್ಟಿಲನ್ನೂ ಹತ್ತದ ಅತ್ತೆ ನನಗಾಗಿ ಅರ್ಧ ಕೆರೆ ತುಳಿದು ಬಂದಿದ್ದರು. ನನಗೆ ತಲೆ ಎತ್ತಲಾಗಲಿಲ್ಲ. ಮಾವ ಹಗ್ಗವನ್ನು ಗಾಡಿಯ ಮೂತಿಗೆ ಕಟ್ಟಿ, "ಏನಾಗಿದೆ ಅಳಿಯಂದ್ರೇ?" ಎಂದರು.

"ಎಂಜಿನ್ನಿನೊಳಗೇ ಏನೋ ದೊಡ್ಡ ತೊಂದರೆ ಇರ್ಬೇಕು ಮಾವ."

ಅತ್ತೆ ಮಗಳ ಕಡೆ ನೋಡಿದರು. "ಅದೇನೇ ಕೈಲಿ, ಕೆಂಪು ದಾರ?"

"ಇವ್ರು ಕೇಳೋವರೆಗೂ ಕೊಡ್ಬೇಡ ಅಂದಿದ್ರು ಅಮ್ಮ. ಇನ್ನೂ ಕೇಳಿಲ್ಲ."

ದಡದಲ್ಲಿ ನಾನೇ ಮಾಡಿದ ಪಾಠ ಅಕ್ಷರ ಬಿಡದೆ ನೆನಪಾಯಿತು. ಬಾತುಕೋಳಿ ಮುಂದೆ, ನಾವು ಹಿಂದೆ.

ಭಾವಮೈದ ಮನೆಯಿಂದ ಹೊಸ ಪ್ಲಗ್ ತಂದು ಹಾಕಿದ, ಅಕ್ಕನ ಕೈಯಿಂದ ದಾರ ಇಸಿದುಕೊಂಡು ಸಿಕ್ಕಿಸಿದ, ಗುಂಡಿ ಒತ್ತಿದ. ಗಾಡಿ ಗುರ್ರೆಂದಿತು. "ಇದಕ್ಕೇನೂ ಆಗೇ ಇರ್ಲಿಲ್ಲ ಭಾವ" ಎಂದ. ಒಳ್ಳೆಯ ಹುಡುಗ, ನಗಲಿಲ್ಲ. ಡಿಕ್ಕಿಯಿಂದ ಪೆಟ್ಟಿಗೆ ತೆಗೆದು ಅವನಿಗೆ ಕೊಡುವಾಗ ನನ್ನ ಕೈ ಸ್ವಲ್ಪ ತಡೆಯಿತು. ಹೆಂಡತಿಗೆ ಅದು ಕಂಡಿರಬೇಕು.

ವಾಪಸು ಬರುವಾಗ ಕಾರಿನಲ್ಲಿ ಕೇಳಿಯೇಬಿಟ್ಟೆ. "ದಾರ ಇಲ್ದೆ ಸ್ಟಾರ್ಟ್ ಆಗಲ್ಲ ಅಂತ ನಿನಗೆ ಗೊತ್ತಿತ್ತಲ್ಲ. ನಾನು ಬೈದ್ರೂ ಪರವಾಗಿಲ್ಲ ಅಂತ ಹೇಳ್ಬಾರ್ದಾಗಿತ್ತಾ?"

ಅವಳು ಕಿಟಕಿಯಿಂದ ಮುಖ ತಿರುಗಿಸಿ ನನ್ನನ್ನು ನಿಧಾನವಾಗಿ ನೋಡಿದಳು.

"ಮದುವೆ ಆದಾಗಿನಿಂದ ಹೇಳಿದ ಮಾತು ಕೇಳಲ್ಲ, ಕೇಳಲ್ಲ ಅಂತಿದ್ರಿ. ಇವತ್ತು ಒಂದೇ ಒಂದು ದಿನ ಹೇಳಿದ ಹಾಗೆ ಕೇಳಿದೆ. ಗತಿ ಏನಾಯ್ತು, ನೋಡಿದ್ರಲ್ಲ?"